‘ಅದೆಲ್ಲ ಎಡಿಟ್ ಮಾಡಿದ್ದು’ ಅಂದರೆ ಸಾಲದು: ಹೈಸ್ಕೂಲಿಗೆ ನಾಲ್ಕು ಪಿರಿಯಡ್

ಎಂಟರಿಂದ ಹತ್ತನೇ ಕ್ಲಾಸಿನವರೆಗೆ ಪಾಠ ಮಾಡುವ ಮೇಷ್ಟ್ರು, ಮಿಸ್ಸುಗಳಿಗಾಗಿ ಬರೆದದ್ದು ಇದು. ಶಾಲೆ ಹಾಸನ ಪೇಟೆಯಲ್ಲಿರಲಿ, ಅರಸೀಕೆರೆಯ ಬಯಲಲ್ಲಿರಲಿ, ಸಕಲೇಶಪುರ ಮೂಡಿಗೆರೆ ಕಡೆಯ ತೋಟಗಳ ನಡುವೆ ಇರಲಿ, 40 ನಿಮಿಷದ ನಾಲ್ಕು ಪಿರಿಯಡ್, ಒಂದು ಫೋನು, ಒಂದು ತೆಂಗಿನಕಾಯಿ, ಒಂದು ನಿಂಬೆಹಣ್ಣು ಇದ್ದರೆ ಆಯಿತು. ಪ್ರೊಜೆಕ್ಟರ್ ಬೇಕಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೂ ಪಾಠ ನಡೆಯುವಂತೆ ಇದನ್ನು ಜೋಡಿಸಿದೆ.

ಸಿನಿಮಾ ಪೋಸ್ಟರು, ಸೀರಿಯಲ್ಲು, ರೀಲ್ಸು, ಒಡವೆ ಅಂಗಡಿಯ ಹೋರ್ಡಿಂಗು ಎಲ್ಲವೂ ತೋರಿಸುವುದು ಒಂದೇ ಬಗೆಯ ಮೈ: ಹುಡುಗಿಯಾದರೆ ಬೆಳ್ಳಗೆ ತೆಳ್ಳಗೆ, ಹುಡುಗನಾದರೆ ಹೊಟ್ಟೆ ಮೇಲೆ ಆರು ಗೆರೆ. ಹದಿಮೂರು ಹದಿನಾಲ್ಕರ ಮಗು ತನ್ನ ಮೈಯನ್ನು ಆ ಚಿತ್ರದ ಪಕ್ಕ ಇಟ್ಟು ನೋಡಿಕೊಳ್ಳುತ್ತದೆ. ಇದಕ್ಕೆ ಶಾಲೆಗಳಲ್ಲಿ ಮಾಮೂಲಿ ಮದ್ದು ಒಂದು ಭಾಷಣ. ‘ಅದೆಲ್ಲ ಸುಳ್ಳು, ಎಡಿಟ್ ಮಾಡಿರ್ತಾರೆ, ನೀವೆಲ್ಲ ಚೆನ್ನಾಗೇ ಇದ್ದೀರ.’ ಈ ಮದ್ದು ನಾಟುವುದಿಲ್ಲ. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್‌ನಿಂದ, ಮಾಡೆಲ್‌ಗಳ ಮೈಯನ್ನು ತೆಳ್ಳಗೆ ಅಥವಾ ದಪ್ಪಗೆ ತಿದ್ದಿದ ಜಾಹೀರಾತಿನ ಮೇಲೆ ಹಾಗೆಂದು ಬರೆಯಬೇಕು ಎಂಬ ನಿಯಮವಿದೆ. ನಾರ್ವೆಯಲ್ಲಿ 2022ರ ಜುಲೈನಿಂದ ಇಂಥದ್ದೇ ಕಾನೂನು. ಆದರೆ ಇಂಥ ಚೀಟಿಗಳನ್ನು ಪರೀಕ್ಷೆ ಮಾಡಿ ನೋಡಿದಾಗ, ಚೀಟಿ ಓದಿದವರಿಗೂ ಓದದವರಿಗೂ ಮೈ ಬಗ್ಗೆ ಆಗುವ ಬೇಸರದಲ್ಲಿ ಹೆಚ್ಚಿನ ವ್ಯತ್ಯಾಸ ಕಂಡಿಲ್ಲ. ‘ಸೊಂಟ ತಿದ್ದಲಾಗಿದೆ’ ಎಂದು ಬರೆದರೆ ಕಣ್ಣು ಸೊಂಟದ ಕಡೆಗೇ ಓಡುವುದೂ ಉಂಟು. ಹೋಲಿಕೆ ಮೊದಲು ಆಗಿಬಿಡುತ್ತದೆ, ಯೋಚನೆ ಆಮೇಲೆ ಬರುತ್ತದೆ. ಸುಳ್ಳು ಅಂತ ಗೊತ್ತಿದ್ದರೂ ಹಾಗಾಗಬೇಕೆಂಬ ಆಸೆ ಹೋಗಿರುವುದಿಲ್ಲ.

ಆದ್ದರಿಂದ ಈ ನಾಲ್ಕು ಪಿರಿಯಡ್‌ನಲ್ಲಿ ಮೇಷ್ಟ್ರು ಹೇಳುವುದು ಕಡಿಮೆ. ಚಿತ್ರ ಹೇಗೆ ತಯಾರಾಗುತ್ತದೆ ಎಂಬುದನ್ನು ಮಕ್ಕಳೇ ಕೈಯಾರೆ ಮಾಡಿ ನೋಡುತ್ತಾರೆ. ಆ ಆದರ್ಶದ ವಿರುದ್ಧದ ಮಾತನ್ನು ಮಕ್ಕಳೇ ಬಾಯಿಬಿಟ್ಟು ಆಡುತ್ತಾರೆ.

‘ನಮ್ಮ ಹಳ್ಳಿ ಮಕ್ಕಳಿಗೆ ಇದೆಲ್ಲ ಎಲ್ಲಿ, ಬೆಂಗಳೂರಿನವರ ಕಾಯಿಲೆ’ ಎನ್ನುವ ಸಹೋದ್ಯೋಗಿ ಸಿಕ್ಕೇ ಸಿಗುತ್ತಾರೆ. ಅವರಿಗೆ ಫಿಜಿ ದ್ವೀಪದ ವಿಷಯ ಹೇಳಿ. ಮೈತುಂಬಿಕೊಂಡಿರುವುದೇ ಚೆಂದ ಎನ್ನುತ್ತಿದ್ದ ಊರದು. ಅಲ್ಲಿನ ನಾದ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟೀವಿ ಬಂತು. ಆನ್ ಬೆಕರ್ ಎಂಬ ವೈದ್ಯೆ, ಟೀವಿ ಬಂದ ಹೊಸದರಲ್ಲೇ 63 ಶಾಲಾ ಹುಡುಗಿಯರನ್ನು ಪ್ರಶ್ನಾವಳಿ ಕೊಟ್ಟು ವಿಚಾರಿಸಿದರು, 1998ರಲ್ಲಿ ಬೇರೆ 65 ಹುಡುಗಿಯರನ್ನು. ಊಟದ ಬಗ್ಗೆ ಆತಂಕಪಡುವಷ್ಟು ಹೆಚ್ಚು ಅಂಕ ಬಂದವರು ಶೇ 12.7ರಿಂದ 29.2ಕ್ಕೆ ಏರಿದ್ದರು. ತೆಳ್ಳಗಾಗಲು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಮೂರು ವರ್ಷದ ನಂತರ ಶೇ 11.3. ಆಗಿನ್ನೂ ಕೈಗೊಂದು ಫೋನ್ ಬಂದಿರಲಿಲ್ಲ.

ಪಾಠಕ್ಕೆ ಮೊದಲು ಸ್ಟಾಫ್ ರೂಮಿನಲ್ಲಿ

ಮಕ್ಕಳಿಗೆ ಪಾಠ ಮಾಡಿ ಸ್ಟಾಫ್ ರೂಮ್ ಹಳೆಯ ಹಾಗೇ ಇದ್ದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಎತ್ತರ ತೂಕ ಬರೆದುಕೊಳ್ಳುವ ದಿನವನ್ನೇ ತೆಗೆದುಕೊಳ್ಳಿ. ಸಾಲಾಗಿ ನಿಲ್ಲಿಸಿ, ‘ಐವತ್ತೆಂಟೂವರೆ’ ಎಂದು ಕೂಗಿ, ಇನ್ನೊಬ್ಬರು ಬರೆದುಕೊಳ್ಳುವ ಪದ್ಧತಿ ಇದ್ದರೆ ಅವತ್ತೇ ನಿಲ್ಲಿಸಿ. ಬೀರು ಮರೆಯಲ್ಲಿ ಯಂತ್ರ ಇಡಿ, ಒಬ್ಬೊಬ್ಬರನ್ನೇ ಕರೆಯಿರಿ, ಅಂಕೆಗೆ ಬೆನ್ನು ಮಾಡಿ ನಿಲ್ಲಿಸಿ, ಬರೆದುಕೊಂಡು ಕಳಿಸಿ. ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಹೇಳುವ, ಫೋನಿನಲ್ಲಿ ಸಿಗುವ ದೊಡ್ಡವರ ಬಿಎಂಐ ಲೆಕ್ಕ ಮಕ್ಕಳಿಗೆ ಸಲ್ಲುವುದಿಲ್ಲ. ಹದಿನೆಂಟರ ಒಳಗಿನವರಿಗೆ ವಯಸ್ಸು, ಗಂಡು ಹೆಣ್ಣು ನೋಡಿ ಬೆಳವಣಿಗೆಯ ಚಾರ್ಟಿನ ಮೇಲೆ ಗುರುತು ಹಾಕಬೇಕು, ಅದು ಆರೋಗ್ಯ ತಂಡದವರ ಕೆಲಸ. ಮೈನೆರೆಯುವ ವಯಸ್ಸಿನಲ್ಲಿ ಹುಡುಗಿಯರ ಸೊಂಟ ತೊಡೆಗಳಲ್ಲಿ ಕೊಬ್ಬು ತುಂಬಿಕೊಳ್ಳುವುದು ಬೆಳವಣಿಗೆಯ ಭಾಗ. ಹುಡುಗರು ಉದ್ದ ಬೆಳೆಯುವುದು ಹುಡುಗಿಯರಿಗಿಂತ ಸುಮಾರು ಎರಡು ವರ್ಷ ತಡ. ಎಂಟನೇ ಕ್ಲಾಸಿನ ‘ಕುಳ್ಳ’ ಹತ್ತರ ಹೊತ್ತಿಗೆ ಕುಳ್ಳನಾಗಿರಬೇಕಾಗಿಲ್ಲ.

ಆಮೇಲೆ ಅಡ್ಡಹೆಸರು. ಡುಮ್ಮ, ಕಡ್ಡಿ, ಕರಿಯ, ಕುಳ್ಳಿ, ಹಲ್ಲುಬ್ಬ. ಇವನ್ನು ಮಕ್ಕಳಷ್ಟೇ ಬಳಸುತ್ತಾರೆ ಅಂದುಕೊಳ್ಳಬೇಡಿ. ಒಂದು ವಾರ ಸ್ಟಾಫ್ ರೂಮಿನಲ್ಲೇ ಕಿವಿಗೊಟ್ಟು, ಎಷ್ಟು ಸಲ ಕೇಳಿತು ಎಂದು ಡೈರಿಯಲ್ಲಿ ಗೀಟು ಹಾಕಿ. ಆ ಗೀಟುಗಳ ಲೆಕ್ಕ ಕೊನೆಗೆ ಬೇಕಾಗುತ್ತದೆ. ಸ್ಕೂಲ್ ಡೇ ಡ್ಯಾನ್ಸಿನಲ್ಲಿ ಬೆಳ್ಳಗಿರುವವರನ್ನು ಮುಂದಿನ ಸಾಲಿಗೆ, ಕಪ್ಪಗಿರುವವರನ್ನು ಹಿಂದಿನ ಸಾಲಿಗೆ ನಿಲ್ಲಿಸುವುದು, ದಪ್ಪಗಿರುವ ಹುಡುಗನಿಗೆ ವರ್ಷವರ್ಷವೂ ಬಕಾಸುರನ ಪಾತ್ರ ಕೊಡುವುದು ಕೂಡ ಪಾಠವೇ. ಭಾಷಣಕ್ಕಿಂತ ಚೆನ್ನಾಗಿ ತಲೆಗೆ ಹೋಗುವ ಪಾಠ.

ಎಚ್‌ಎಂ ಅವರಿಗೂ ಪೋಷಕರಿಗೂ ಮುಂಚೆ ತಿಳಿಸಿ. ಒಂದು ನಿಯಮ ಮಾತ್ರ ಸಡಿಲಿಸುವಂತಿಲ್ಲ: ನಾಲ್ಕು ಪಿರಿಯಡ್‌ನಲ್ಲಿ ಯಾವ ಮಗುವಿನ ಮುಖವನ್ನೂ ಮೈಯನ್ನೂ ಫೋಟೋ ತೆಗೆಯುವುದಿಲ್ಲ, ಅಳೆಯುವುದಿಲ್ಲ, ಉದಾಹರಣೆ ಮಾಡುವುದಿಲ್ಲ.

ಮೊದಲ ಪಿರಿಯಡ್: ತೆಂಗಿನಕಾಯಿಗೆ ಮೂಗು

ಸುಲಿದು ಜುಟ್ಟು ತೆಗೆದ ತೆಂಗಿನಕಾಯಿಯ ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಒಂದಕ್ಕೆ ಹಲ್ಲುಕಡ್ಡಿ ಚುಚ್ಚಿ. ಹೊರಗೆ ಉಳಿದ ತುದಿಗೆ ನಿಂಬೆಹಣ್ಣು ಸಿಕ್ಕಿಸಿ. ಇದು ಮೂಗು. ಸ್ಟೂಲಿನ ಮೇಲೆ ಬಟ್ಟೆಯ ಸಿಂಬಿ ಮಾಡಿ ಕಾಯಿ ಉರುಳದಂತೆ ಕೂರಿಸಿ, ಮೂಗು ಕ್ಯಾಮೆರಾ ಕಡೆಗಿರಲಿ. ನಿಂಬೆಹಣ್ಣಿನಿಂದ 30 ಸೆಂ.ಮೀ. ದೂರಕ್ಕೊಂದು, 150 ಸೆಂ.ಮೀ. ದೂರಕ್ಕೊಂದು ಸೀಮೆಸುಣ್ಣದ ಗೆರೆ ಎಳೆಯಿರಿ.

ಫೋನಿನ ಹಿಂದಿನ ಕ್ಯಾಮೆರಾ, 1 ಎಕ್ಸ್‌ನಲ್ಲಿ ಇಡಿ. ಫೋನು ನಿಂಬೆಹಣ್ಣಿನ ಎತ್ತರಕ್ಕೇ ಇರಬೇಕು. ಎರಡೂ ಗೆರೆಯಿಂದ ಒಂದೊಂದು ಫೋಟೋ. ಈಗ ಗ್ಯಾಲರಿಯಲ್ಲಿ ಎರಡನ್ನೂ ಬೆರಳಿಂದ ಹಿಗ್ಗಿಸಿ, ಕಾಯಿಯ ಅಗಲ ಎರಡರಲ್ಲೂ ಪರದೆಯ ಮೇಲೆ 6 ಸೆಂ.ಮೀ. ಬರುವಂತೆ ಮಾಡಿ, ಸ್ಕೇಲ್ ಇಟ್ಟು ನಿಂಬೆಹಣ್ಣಿನ ಅಗಲ ಅಳೆಯಲು ಹೇಳಿ. ಹತ್ತಿರದಿಂದ ತೆಗೆದದ್ದರಲ್ಲಿ 2.5 ಸೆಂ.ಮೀ. ಬಂದರೆ ದೂರದಿಂದ ತೆಗೆದದ್ದರಲ್ಲಿ 2.1ರ ಆಸುಪಾಸು ಬರುತ್ತದೆ. ಅದೇ ಕಾಯಿ, ಅದೇ ನಿಂಬೆ, ಮೂಗು ಮಾತ್ರ ಐದನೇ ಒಂದು ಭಾಗ ದಪ್ಪ.

ಕಾರಣವನ್ನು ಬೋರ್ಡಿನ ಮೇಲೆ ಲೆಕ್ಕ ಮಾಡಿಸಿ, ಎಂಟನೇ ಕ್ಲಾಸಿನ ಅನುಪಾತ ಸಾಕು. ಮನುಷ್ಯರ ಮುಖದಲ್ಲಿ ಮೂಗಿನ ತುದಿಯಿಂದ ಕಿವಿ ಸುಮಾರು 12 ಸೆಂ.ಮೀ. ಹಿಂದಿದೆ ಎಂದಿಟ್ಟುಕೊಳ್ಳಿ. ಕ್ಯಾಮೆರಾ 30 ಸೆಂ.ಮೀ.ನಲ್ಲಿದ್ದರೆ ಕಿವಿ ಇರುವುದು 42ರಲ್ಲಿ: 42 ಭಾಗಿಸು 30, ಅಂದರೆ 1.4. ಕ್ಯಾಮೆರಾ 150ರಲ್ಲಿದ್ದರೆ 162 ಭಾಗಿಸು 150, ಅಂದರೆ 1.08. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 1.3. ಅಮೆರಿಕದ ಮುಖದ ಶಸ್ತ್ರವೈದ್ಯರು 2018ರಲ್ಲಿ ಪ್ರಕಟಿಸಿದ ಲೆಕ್ಕವೂ ಇಷ್ಟೇ: 12 ಇಂಚಿನಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ, 5 ಅಡಿಯಿಂದ ತೆಗೆದರೆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಸೆಲ್ಫಿ ನೋಡಿ ಮೂಗು ಸರಿಯಿಲ್ಲ ಎನ್ನುವ ರೋಗಿಗಳು ಬರುತ್ತಿದ್ದರಿಂದಲೇ ಅವರು ಆ ಲೆಕ್ಕ ಹಾಕಿದ್ದು. ಈ ಅಂಕೆಯನ್ನು ನೀವು ಹೇಳಬೇಡಿ, ಮಕ್ಕಳಿಂದಲೇ ಬರಲಿ. ತಾವೇ ಭಾಗಾಕಾರ ಮಾಡಿ ಕಂಡುಕೊಂಡದ್ದನ್ನು ಸಂಜೆ ಮನೆಯಲ್ಲಿ ಹೇಳುತ್ತಾರೆ.

ಕೆಡುವುದು ಎಲ್ಲಿ? 0.5 ಎಕ್ಸ್ ಆನ್ ಆಗಿದ್ದರೆ ಎರಡೂ ಫೋಟೋ ಸೊಟ್ಟಗೆ ಬಂದು ಹೋಲಿಕೆ ಹಾಳಾಗುತ್ತದೆ. ಫೋನು ಮೇಲಿನಿಂದ ಬಾಗಿದ್ದರೆ ಮೂಗು ಕೆಳಗೆ ಜಾರಿದಂತೆ ಕಾಣುತ್ತದೆ. ದೂರದ ಫೋಟೋದಲ್ಲಿ ಕಾಯಿ ಚಿಕ್ಕದಾಗಿ ಕಾಣುವುದನ್ನೇ ಮಕ್ಕಳು ಉತ್ತರವೆಂದು ಹಿಡಿದರೆ, ನೋಡಬೇಕಾದ್ದು ಕಾಯಿಗೂ ನಿಂಬೆಗೂ ಇರುವ ಅನುಪಾತ ಎಂದು ತಿದ್ದಿ. ‘ನಮ್ಮ ಮುಖ ತೆಗೀರಿ ಮಿಸ್’ ಎಂದು ಗಲಾಟೆ ಆಗುತ್ತದೆ, ತೆಗೆಯಬೇಡಿ.

ಉಳಿದ ಹತ್ತು ನಿಮಿಷಕ್ಕೆ ನಿಮ್ಮ ಮುಖವೇ ಸಾಮಗ್ರಿ. ಮುಂದಿನ ಕ್ಯಾಮೆರಾದಲ್ಲಿ ‘ಬ್ಯೂಟಿ’ ಸೊನ್ನೆಗೆ ಇಟ್ಟು ಒಂದು, ಪೂರ್ತಿ ಏರಿಸಿ ಒಂದು ತೆಗೆಯಿರಿ. ಯಾವ ಮಚ್ಚೆ ಮಾಯವಾಯಿತು, ಯಾವ ಗೆರೆ ಅಳಿಯಿತು, ಗದ್ದ ಎಷ್ಟು ಚೂಪಾಯಿತು ಎಂದು ಪಟ್ಟಿ ಮಾಡಿಸಿ. ಎಷ್ಟೋ ಫೋನುಗಳಲ್ಲಿ ಕೊಂಡ ದಿನದಿಂದಲೇ ಇದು ಆನ್ ಆಗಿರುತ್ತದೆ, ಯಾರೂ ಆರಿಸಿಕೊಂಡದ್ದಲ್ಲ. ಒಬ್ಬಳ ಕನ್ನಡಿಯ ಮುಖಕ್ಕೂ ಫೋನಿನ ಮುಖಕ್ಕೂ ನಡುವಿನ ವ್ಯತ್ಯಾಸ ಅಲ್ಲಿಂದಲೇ ಶುರು. ಕನ್ನಡಿ ಎಡಬಲ ತಿರುಗಿಸುತ್ತದೆ, ಆ ತಿರುಗಿದ ಮುಖವೇ ನಮಗೆ ರೂಢಿ. ಹಾಗಾಗಿ ಬೇರೆಯವರು ತೆಗೆದ ಫೋಟೋದಲ್ಲಿ ನಾವು ನಮಗೇ ವಿಚಿತ್ರವಾಗಿ ಕಾಣುತ್ತೇವೆ, ಗೆಳೆಯರಿಗೆ ಮಾತ್ರ ಅದೇ ಸರಿ ಅನಿಸುತ್ತದೆ. 1977ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ.

ಎರಡನೇ ಪಿರಿಯಡ್: ಕೊರತೆ ಮಾರುವ ಅಂಗಡಿ

ಹಿಂದಿನ ವಾರ ಮಕ್ಕಳಿಗೆ ಮನೆಕೆಲಸ ಕೊಡಿ: ಬಸ್ಸಿನ ಹಿಂದೆ, ಅಂಗಡಿ ಗೋಡೆಯ ಮೇಲೆ, ಪೇಪರಿನಲ್ಲಿ, ಯೂಟ್ಯೂಬ್ ನಡುವೆ ಬಂದ ಜಾಹೀರಾತಿನ ಮಾತುಗಳನ್ನು ಬರೆದು ತರಬೇಕು. ಮಾತು ಮಾತ್ರ, ಚಿತ್ರ ಬೇಡ. ಇದು ಮುಖ್ಯ. ಟೀಕೆ ಮಾಡಲೆಂದು ಇಪ್ಪತ್ತು ಮಾಡೆಲ್ ಚಿತ್ರಗಳನ್ನು ಬೋರ್ಡಿಗೆ ಅಂಟಿಸಿದರೆ, ಆ ಇಪ್ಪತ್ತು ಚಿತ್ರ ತಮ್ಮ ಕೆಲಸವನ್ನು ಮಾಡಿಯೇ ತೀರುತ್ತವೆ. ಪೇಪರ್ ತುಂಡು ತಂದಿದ್ದರೆ ಮಾಡೆಲ್ ಮೇಲೆ ಕಾಗದ ಅಂಟಿಸಿ ಅಕ್ಷರ ಮಾತ್ರ ಬಿಡಿ.

ಬೋರ್ಡಿನಲ್ಲಿ ನಾಲ್ಕು ಕಾಲಂ: ಏನು ಮಾರುತ್ತಿದ್ದಾರೆ, ನಿನ್ನಲ್ಲಿ ಏನು ಕೊರತೆ ಇದೆ ಎನ್ನುತ್ತಿದ್ದಾರೆ, ಇದನ್ನು ಓದುವ ಮೊದಲು ಅದು ನಿನಗೆ ಕೊರತೆ ಅನಿಸಿತ್ತೇ, ಎಷ್ಟು ದುಡ್ಡು. ಕೊನೆಯ ಕಾಲಮ್ಮಿಗೆ ಖಾಲಿ ಸ್ಯಾಶೆ, ಟ್ಯೂಬ್ ತರಿಸಿ ಎಂಆರ್‌ಪಿಯನ್ನು ಗ್ರಾಮಿನಿಂದ ಭಾಗಿಸಿ 100 ಗ್ರಾಮಿನ ಬೆಲೆ ಹಾಕಿಸಿ. ಅದೇ ದುಡ್ಡಿಗೆ ಎಷ್ಟು ಮೊಟ್ಟೆ, ಎಷ್ಟು ಸೇರು ಅವರೆಕಾಯಿ ಎಂದು ಮಕ್ಕಳೇ ಲೆಕ್ಕ ಹಾಕಿ ನಗುತ್ತಾರೆ.

ಮಾತು ಹೇಗೆ ಬಟ್ಟೆ ಬದಲಿಸುತ್ತದೆ ಎಂಬುದನ್ನು ತೋರಿಸಲು ಒಂದು ಸಿದ್ಧ ಉದಾಹರಣೆ ಇದೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಈಗ ಎಲ್ಲೆಡೆ ‘ಬಿಳುಪು’ ಹೋಗಿ ಕಾಂತಿ, ಹೊಳಪು, ಗ್ಲೋ, ಬ್ರೈಟ್, ಟ್ಯಾನ್ ತೆಗೆಯುವುದು. ಮಕ್ಕಳು ತಂದ ಪಟ್ಟಿಯಲ್ಲಿ ಈ ಪದಗಳಿಗೆ ಅಡಿಗೆರೆ ಹಾಕಿಸಿ, ಪ್ರತಿಯೊಂದರ ಜಾಗದಲ್ಲಿ ‘ಬೆಳ್ಳಗೆ’ ಎಂದು ಹಾಕಿ ಓದಿಸಿ. ಅರ್ಥ ಬದಲಾಗದಿದ್ದರೆ ಹೆಸರಷ್ಟೇ ಬದಲಾದದ್ದು.

ಎರಡು ನಿಯಮಗಳನ್ನು ಬರೆಸಿ. ಜಾಹೀರಾತು ಉದ್ಯಮದ ಸ್ವನಿಯಂತ್ರಣ ಮಂಡಳಿ ಆಸ್ಕಿ 2014ರಲ್ಲೇ, ಕಪ್ಪು ಬಣ್ಣದವರನ್ನು ಅನಾಕರ್ಷಕರು, ದುಃಖಿಗಳು, ಮದುವೆಗೆ ಕೆಲಸಕ್ಕೆ ಸಲ್ಲದವರು ಎಂಬಂತೆ ತೋರಿಸಬಾರದು ಎಂದಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ, ಬೊಜ್ಜು ಕರಗಿಸುತ್ತೇವೆ, ಎತ್ತರ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನೇ ನಿಷೇಧಿಸುತ್ತದೆ. ಈ ಎರಡನ್ನು ಕೈಯಲ್ಲಿ ಹಿಡಿದು ತಮ್ಮ ಪಟ್ಟಿಯಲ್ಲಿ ಯಾವುದು ನಿಯಮ ಮುರಿದಿದೆ ಎಂದು ಮಕ್ಕಳು ಹುಡುಕಲಿ. ಸಿಕ್ಕರೆ ಆಸ್ಕಿಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು, ಕ್ಲಾಸಿನ ಪರವಾಗಿ ನೀವು ಕೊಡಿ.

ಮೂರನೇ ಪಿರಿಯಡ್: ಬೇಲೂರಿನ ಮೈ, ಬಿಲ್‌ಬೋರ್ಡಿನ ಮೈ

ಇದಕ್ಕೆ ದಾರ, ಸ್ಕೇಲು, ಪಿ.ಟಿ. ಮೇಷ್ಟ್ರು ಬೇಕು. ನೆತ್ತಿಯಿಂದ ಗದ್ದದವರೆಗೆ ಮೇಷ್ಟ್ರ ತಲೆ ಅಳೆದು ಅಷ್ಟು ದಾರ ಕತ್ತರಿಸಿ. ಅವರನ್ನು ಗೋಡೆಗೆ ನಿಲ್ಲಿಸಿ ಎತ್ತರದಲ್ಲಿ ಎಷ್ಟು ದಾರ ಹಿಡಿಯುತ್ತದೆ ನೋಡಿ. ದೊಡ್ಡವರಲ್ಲಿ ಏಳರಿಂದ ಏಳೂವರೆ. ಈಗ ಫ್ಯಾಷನ್ ಡ್ರೆಸ್ಸಿನ ರೇಖಾಚಿತ್ರವೊಂದನ್ನು ಹಾಗೇ ಅಳೆಯಿರಿ. ಅಲ್ಲಿ ಒಂಬತ್ತು ತಲೆ ಹಿಡಿಸುವುದು ರೂಢಿ, ಹೆಚ್ಚಿದ ಉದ್ದವೆಲ್ಲ ಕಾಲಿನದು. ನೆತ್ತಿಯನ್ನು ಕೂದಲಿನ ಉಬ್ಬಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ, ಸ್ಕೇಲನ್ನು ತಲೆಬುರುಡೆಗೆ ಒತ್ತಿ ಹಿಡಿಯಬೇಕು. ಮಕ್ಕಳ ತಲೆ ಅಳೆಯಬೇಡಿ, ‘ದೊಡ್ಡತಲೆ’ ಎಂಬ ಹೊಸ ಅಡ್ಡಹೆಸರು ಹುಟ್ಟುತ್ತದೆ.

ಮುಂದೆ ಬೇಲೂರು. ಜಿಲ್ಲೆಯ ಬಹುಪಾಲು ಮಕ್ಕಳು ಒಮ್ಮೆಯಾದರೂ ನೋಡಿರುತ್ತಾರೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದ 42 ಮದನಿಕೆಯರಲ್ಲಿ ಕನ್ನಡಿ ಹಿಡಿದ ದರ್ಪಣ ಸುಂದರಿಯ ಫೋಟೋ ಸಾಕು. ಮೃದುವಾದ ಬಳಪದ ಕಲ್ಲಾದ್ದರಿಂದ ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಲಾಯಿತು. ದುಂಡು ತೋಳು, ತುಂಬು ಎದೆ, ಅಗಲ ಸೊಂಟದ ಕೆಳಭಾಗ, ಎಲ್ಲೂ ಮೂಳೆ ಕಾಣದ ಮೈ. ಇದನ್ನೂ ಎರಡನೇ ಪಿರಿಯಡ್‌ನಲ್ಲಿ ಮಕ್ಕಳು ಬರೆದು ತಂದ ‘ಸ್ಲಿಮ್’ ಎಂಬ ಪದವನ್ನೂ ಅಕ್ಕಪಕ್ಕ ಬರೆದು ಕೇಳಿ: ಒಬ್ಬಳೇ ಎರಡೂ ಆಗಲು ಸಾಧ್ಯವೇ? ಹಾಗಾದರೆ ಯಾವ ಕಾಲದ ಅಳತೆಗೆ ಹೊಂದದವಳು ತಪ್ಪಿತಸ್ಥೆ?

ಇಲ್ಲಿ ಒಂದು ಎಚ್ಚರಿಕೆ. ‘ನಮ್ಮ ಪೂರ್ವಜರು ಎಲ್ಲ ಮೈಗಳನ್ನೂ ಗೌರವಿಸುತ್ತಿದ್ದರು’ ಎಂದು ಮುಗಿಸುವ ಆಸೆ ಬರುತ್ತದೆ. ಬೇಡ, ಅದು ನಿಜವಲ್ಲ. ಶಿಲ್ಪಶಾಸ್ತ್ರಕ್ಕೂ ಕಟ್ಟುನಿಟ್ಟಾದ ಅಳತೆ ಇತ್ತು. ಹಣೆಯ ಕೂದಲಂಚಿನಿಂದ ಗದ್ದದವರೆಗಿನ ಮುಖದ ಉದ್ದ ಒಂದು ತಾಲ, ಅದು 12 ಅಂಗುಲ. ವಿಗ್ರಹಕ್ಕೆ ತಕ್ಕಂತೆ ನವತಾಲ, ದಶತಾಲ, ಅಂದರೆ ಒಟ್ಟು ಎತ್ತರ ಒಂಬತ್ತು ಅಥವಾ ಹತ್ತು ತಾಲ. ತಾಲ ಎಂದರೆ ಮುಖದ ಅಳತೆ, ದಾರದಲ್ಲಿ ಅಳೆದದ್ದು ಇಡೀ ತಲೆ, ಎರಡನ್ನೂ ಒಂದೇ ಎಂದು ಹೋಲಿಸಬೇಡಿ. ಮಕ್ಕಳಿಗೆ ತಲುಪಬೇಕಾದ್ದು ಇಷ್ಟು: ಆಗಲೂ ಆದರ್ಶ ಇತ್ತು, ಆದರೆ ಅದು ಕಂಬದ ಮೇಲೆ ಸೂರಿನಡಿ ಇತ್ತು, ಅದರ ಕೆಳಗೆ ರೂವಾರಿಯ ಹೆಸರೂ ಇರುತ್ತಿತ್ತು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ್ದೆಂದು ಬರೆದುಕೊಂಡಿದ್ದಾರೆ. ನೋಡುವವಳಿಗೆ ಅದು ಕೆತ್ತಿದ ಕಲ್ಲು ಎಂದು ಗೊತ್ತಿತ್ತು. ರೀಲ್ಸಿನ ಕೆಳಗೆ ತಿದ್ದಿದವನ ಹೆಸರು ಇರುವುದಿಲ್ಲ.

ಹುಡುಗರಿಗಾಗಿ ಐದು ನಿಮಿಷ. ಆಜಾನುಬಾಹು ಎಂದರೇನು ಕೇಳಿ. ‘ದಪ್ಪಗೆ ಗಟ್ಟಿಮುಟ್ಟಾಗಿರೋನು’ ಎನ್ನುತ್ತಾರೆ. ಜಾನು ಎಂದರೆ ಮೊಣಕಾಲು, ನೆಟ್ಟಗೆ ನಿಂತಾಗ ಕೈ ಬೆರಳು ಮೊಣಕಾಲು ಮುಟ್ಟಿದರೆ ಆಜಾನುಬಾಹು. ಎಲ್ಲರೂ ಎದ್ದು ನಿಂತು ನೋಡಿಕೊಳ್ಳಲಿ. ಎಲ್ಲರ ಬೆರಳೂ ತೊಡೆಯ ನಡುಭಾಗದಲ್ಲೇ ನಿಲ್ಲುತ್ತವೆ, ಮೇಷ್ಟ್ರದೂ. ಇಡೀ ಕ್ಲಾಸು ಒಟ್ಟಿಗೆ ಫೇಲಾಗುವ ಪರೀಕ್ಷೆಯಾದ್ದರಿಂದ ಯಾರಿಗೂ ನೋವಾಗುವುದಿಲ್ಲ. ಸಿನಿಮಾದ ಆರು ಗೆರೆಯ ಹೊಟ್ಟೆಯ ಮಾತು ತರಲು ಇದೇ ಸರಿಯಾದ ಹೊತ್ತು: ಅಂಗಿ ಬಿಚ್ಚುವ ದೃಶ್ಯಕ್ಕೆ ಮುಂಚೆ ನೀರು, ಉಪ್ಪು ಕಡಿಮೆ ಮಾಡಿ, ಚಿತ್ರೀಕರಣಕ್ಕೆ ಸ್ವಲ್ಪ ಮೊದಲು ದಂಡ ಹೊಡೆದು ಸ್ನಾಯುಗಳಿಗೆ ರಕ್ತ ತುಂಬಿಸಿಕೊಂಡು, ಓರೆ ಬೆಳಕು ಬಿಟ್ಟು ತೆಗೆಯುವುದು ಚಿತ್ರರಂಗದ ಮಾಮೂಲಿ ಪದ್ಧತಿ. ನಟನೂ ದಿನವಿಡೀ ಹಾಗಿರುವುದಿಲ್ಲ. ಜಿಮ್ಮಿನಲ್ಲಿ ಯಾರಾದರೂ ಸ್ಟೀರಾಯ್ಡ್ ಇಂಜೆಕ್ಷನ್ ಮಾತೆತ್ತಿದರೆ ಹೇಳಬೇಕಾದ್ದು: ಬೆಳೆಯುವ ವಯಸ್ಸಿನಲ್ಲಿ ಅದು ಮೂಳೆಯ ಬೆಳೆಯುವ ತುದಿಗಳನ್ನು ಬೇಗ ಮುಚ್ಚಿ ಎತ್ತರವನ್ನೇ ನಿಲ್ಲಿಸಬಹುದು, ವೃಷಣ ಕುಗ್ಗಿಸುತ್ತದೆ.

ನಾಲ್ಕನೇ ಪಿರಿಯಡ್: ಬಾಯಿಬಿಟ್ಟು ಹೇಳುವುದು

ಇದೇ ಔಷಧಿ, ಹಿಂದಿನ ಮೂರು ಅನುಪಾನ. ಒಂದು ವಿಚಾರದ ವಿರುದ್ಧ ನಾಲ್ಕು ಜನರ ಮುಂದೆ ಸ್ವಇಚ್ಛೆಯಿಂದ ಮಾತಾಡಿದವರ ಮನಸ್ಸಿನಲ್ಲಿ ಆ ವಿಚಾರದ ಹಿಡಿತ ಸಡಿಲವಾಗುತ್ತದೆ. ಆಡಿದ ಮಾತಿಗೂ ಒಳಗಿನ ಆಸೆಗೂ ತಾಳೆಯಾಗದೆ ಆಸೆಯೇ ಸ್ವಲ್ಪ ಜಾಗ ಬಿಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎರಿಕ್ ಸ್ಟೈಸ್ ಈ ತತ್ವದ ಮೇಲೆ ಕಟ್ಟಿದ ಕಾರ್ಯಕ್ರಮ ಈ ಕ್ಷೇತ್ರದಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗಿ ನಿಂತದ್ದು. ಬಲವಂತ ಮಾಡಿದರೆ ಕೆಲಸ ಮಾಡುವುದಿಲ್ಲ, ಅಂಕ ಕೊಟ್ಟರೂ ಮಾಡುವುದಿಲ್ಲ, ಏಕೆಂದರೆ ‘ಮಿಸ್ ಹೇಳಿದ್ದಕ್ಕೆ ಬರೆದೆ’ ಎಂಬ ನೆಪ ಸಿಕ್ಕಿಬಿಡುತ್ತದೆ.

ಮೊದಲ 20 ನಿಮಿಷ ಪತ್ರ. ಐದನೇ ಕ್ಲಾಸಿನ ತಂಗಿಗೋ ತಮ್ಮನಿಗೋ: ಪೋಸ್ಟರಿನ ಹಾಗಾಗಲು ಹೊರಟರೆ ಏನೇನು ಕಳೆದುಕೊಳ್ಳಬೇಕು? ಹೊತ್ತು, ದುಡ್ಡು, ಊಟದ ರುಚಿ, ಆಟ, ಸ್ನೇಹ ಎಂದು ಐದು ಪದ ಬೋರ್ಡಿನಲ್ಲಿರಲಿ. ಪತ್ರದಲ್ಲಿ ತನ್ನ ಮೈಯನ್ನು ಬೈದುಕೊಳ್ಳುವಂತಿಲ್ಲ, ಬೇರೆಯವರ ಮೈಯನ್ನೂ. ಇಷ್ಟಪಟ್ಟವರು ಓದಿ ಹೇಳಲಿ. ಊಟ ಬಿಡುವ, ವಾಂತಿ ಮಾಡಿಕೊಳ್ಳುವ ವಿಧಾನಗಳ ವಿವರ ಯಾರದಾದರೂ ಪತ್ರದಲ್ಲಿ ಬಂದರೆ ಅದನ್ನು ಓದಿಸಬೇಡಿ, ಬೇರೆ ಮಗುವಿಗೆ ಅದು ಉಪಾಯವಾಗಿ ಕಾಣುತ್ತದೆ. ಅದನ್ನು ಬರೆದ ಮಗುವನ್ನು ಆಮೇಲೆ ಒಂಟಿಯಾಗಿ ಕರೆದು ಮಾತಾಡಿಸಿ.

ಇನ್ನು 15 ನಿಮಿಷ ಮದುವೆಮನೆ ನಾಟಕ. ಒಬ್ಬಳು ದೊಡ್ಡಮ್ಮ. ‘ಏನೇ ಇಷ್ಟು ಕಪ್ಪಗಾಗ್ಬಿಟ್ಟಿದ್ದೀಯ? ನಾಳೆ ಯಾರು ಒಪ್ತಾರೆ?’ ಹಿರಿಯರಿಗೆ ಎದುರುತ್ತರ ಕೊಡುವಂತಿಲ್ಲ, ತಲೆ ತಗ್ಗಿಸಿ ನುಂಗಿಕೊಳ್ಳುವಂತೆಯೂ ಇಲ್ಲ. ಈ ಸಂದಿಯಲ್ಲಿ ಮಾತು ಹುಡುಕುವುದೇ ಅಭ್ಯಾಸ. ‘ಖೋ ಖೋ ಪ್ರಾಕ್ಟೀಸ್ ದೊಡ್ಡಮ್ಮ, ತಾಲ್ಲೂಕು ಮಟ್ಟಕ್ಕೆ ಹೋದ್ವಿ. ನಿಮ್ಮ ಮಂಡಿನೋವು ಹೇಗಿದೆ?’ ಎಂಬುದು ಕೆಲಸ ಮಾಡುತ್ತದೆ, ಮಾತು ಮೈಯಿಂದ ಆಟಕ್ಕೆ, ಆಟದಿಂದ ಮಂಡಿಗೆ ಹೋಯಿತು. ಹುಡುಗರಿಗೆ: ‘ಏನೋ ಕಡ್ಡಿ ಪೈಲ್ವಾನ್, ಗಾಳಿಗೆ ಹಾರಿಹೋಗ್ತೀಯ!’ ‘ಹಾರಿದ್ರೆ ನಿಮ್ಮ ತೋಟಕ್ಕೇ ಬಂದು ಬೀಳ್ತೀನಿ ಮಾವ, ಕಾಫಿ ಕುಯ್ಲು ಶುರುವಾಯ್ತಾ?’ ತಮಾಷೆಗೆ ತಮಾಷೆ, ಗೌರವಕ್ಕೆ ಗೌರವ. ಗೆಳತಿಯರ ನಡುವಿನ ‘ಅಯ್ಯೋ ನಾನೆಷ್ಟು ದಪ್ಪ’, ‘ನೀನಲ್ಲ ಕಣೇ, ನಾನು’ ಎಂಬ ಜಪವೂ ನಾಟಕಕ್ಕೆ ಬರಲಿ. ಅದಕ್ಕೆ ಉತ್ತರ ಸಮಾಧಾನ ಮಾಡುವುದಲ್ಲ, ವಿಷಯ ಬದಲಿಸುವುದು.

ಪೋಷಕರ ಸಭೆಯಲ್ಲಿ ಇಪ್ಪತ್ತು ನಿಮಿಷ

ಫೋನುಗಳನ್ನು ತೆಗೆಸಿ, ಅಲ್ಲೇ ಮಾಡಿಸಿ, ಮನೆಗೆ ಹೋಗಿ ಮಾಡುತ್ತೇವೆ ಎಂದವರು ಮಾಡುವುದಿಲ್ಲ. ಕ್ಯಾಮೆರಾದಲ್ಲಿ ‘ಬ್ಯೂಟಿ’ ಸೊನ್ನೆಗೆ. ಯೂಟ್ಯೂಬಿನಲ್ಲಿ ತೂಕ ಇಳಿಸುವ, ಬೆಳ್ಳಗಾಗುವ ವಿಡಿಯೋ ಬಂದರೆ ಮೂರು ಚುಕ್ಕಿ ಒತ್ತಿ ‘ಈ ಚಾನೆಲ್ ಶಿಫಾರಸು ಮಾಡಬೇಡ’ ಆಯ್ಕೆ, ಇತಿಹಾಸದಿಂದಲೂ ಅಂಥವನ್ನು ಅಳಿಸಿ, ಇಲ್ಲದಿದ್ದರೆ ಮತ್ತೆ ಬರುತ್ತವೆ. ಗೂಗಲ್‌ನ ‘ಮೈ ಆಡ್ ಸೆಂಟರ್’ನಲ್ಲಿ ತೂಕ ಇಳಿಕೆಯ ಜಾಹೀರಾತು ಕಡಿಮೆ ಮಾಡುವ ಗುಂಡಿ ಇದೆ. ಇನ್‌ಸ್ಟಾಗ್ರಾಮಿನಲ್ಲಿ ‘ಆಸಕ್ತಿ ಇಲ್ಲ’ ಒತ್ತುವುದರ ಜೊತೆಗೆ, ಬರುವ ಶಿಫಾರಸುಗಳನ್ನು ಪೂರ್ತಿ ಹೊಸದಾಗಿ ಶುರುಮಾಡುವ ಆಯ್ಕೆ ಸೆಟ್ಟಿಂಗ್ಸಿನಲ್ಲಿ ಇದೆ. ಅಂಥ ವಿಡಿಯೋವನ್ನು ಬೈಯಲೆಂದು ಪೂರ್ತಿ ನೋಡಿದರೂ ಯಂತ್ರಕ್ಕೆ ಅದು ಇಷ್ಟವೆಂದೇ ಲೆಕ್ಕ.

ಪೋಷಕರಿಗೆ ಹೇಳಲೇಬೇಕಾದ ಇನ್ನೊಂದು ಮಾತು ಕ್ರೀಮಿನದು. ಮನೆಯಲ್ಲಿರುವ ಟ್ಯೂಬ್ ತಿರುಗಿಸಿ ಓದಲಿ: ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್, ಮುಖ ಬೆಳ್ಳಗೆ ಮಾಡಲು ಇರುವುದಲ್ಲ. ಮೊದಲ ಕೆಲವು ವಾರ ಮುಖ ಹೊಳೆಯುತ್ತದೆ, ಮೋಸ ಅಲ್ಲೇ ಇರುವುದು. ಆಮೇಲೆ ಚರ್ಮ ತೆಳುವಾಗಿ, ಬಿಸಿಲಿಗೆ ಉರಿದು, ಮೊಡವೆ, ಕೂದಲು ಬರುತ್ತದೆ. ನಿಲ್ಲಿಸಿದ ಕೂಡಲೇ ಕೆಂಪು, ಉರಿ ಇಮ್ಮಡಿಯಾಗುವುದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. ತಿಂಗಳುಗಟ್ಟಲೆ ಹಚ್ಚಿದ್ದರೆ ತಾವೇ ನಿಲ್ಲಿಸದೆ ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಟ್ಯೂಬ್ ಸಮೇತ ಹೋಗಲಿ. ತಯಾರಕರ ವಿಳಾಸ, ಬ್ಯಾಚ್ ನಂಬರ್ ಇಲ್ಲದ ಡಬ್ಬಿಗಳಲ್ಲಿ ಪಾದರಸ ಇರುವ ಸಂಭವ ಉಂಟು, ಅದು ಕಿಡ್ನಿಗೆ ಹೊಡೆಯುತ್ತದೆ. ಅಂಥದ್ದನ್ನು ಅಂದೇ ಬಿಡಬೇಕು.

ಪಾಠದ ಕೈ ಮೀರಿದ್ದು

ಎರಡು ವಾರ ಬಿಸಿಯೂಟಕ್ಕೆ ಒಂದಲ್ಲ ಒಂದು ನೆಪ, ಊಟವಾದ ತಕ್ಷಣ ಶೌಚಾಲಯ, ಮೂರು ತಿಂಗಳಿಂದ ಮುಟ್ಟು ಇಲ್ಲ, ಪ್ರಾರ್ಥನೆಯಲ್ಲಿ ತಲೆಸುತ್ತಿ ಬೀಳುವುದು, ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚದಿರುವುದು, ದಿನಕ್ಕೆ ಗಂಟೆಗಟ್ಟಲೆ ಒಂದೇ ಅಂಗದ ಚಿಂತೆ. ಇವುಗಳಲ್ಲಿ ಒಂದೆರಡು ಒಟ್ಟಿಗೆ ಕಂಡರೆ ಬುದ್ಧಿಮಾತು ಸಾಲದು. ರಕ್ತಹೀನತೆಯಿಂದಲೂ ಸುಸ್ತು, ತಲೆಸುತ್ತು ಬರುತ್ತದೆ, ನಮ್ಮಲ್ಲಿ ಅದೇನೂ ಅಪರೂಪವಲ್ಲ, ಆದ್ದರಿಂದ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಆಗಲಿ. ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ಕಿನಲ್ಲಿ ಆಪ್ತಸಮಾಲೋಚನೆ ಇದೆ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತಾಯಿತಂದೆಯರಿಗೆ ಹೇಳುವಾಗ ‘ನಿಮ್ಮ ಮಗಳು ಡಯೆಟ್ ಮಾಡ್ತಿದ್ದಾಳೆ’ ಎನ್ನಬೇಡಿ, ಮನೆಯಲ್ಲಿ ಬೈಗುಳ ಆಗುತ್ತದೆ. ‘ಎರಡು ವಾರದಿಂದ ಮಧ್ಯಾಹ್ನ ಊಟ ಮಾಡಿಲ್ಲ, ಡಾಕ್ಟರಿಗೆ ತೋರಿಸೋಣ’ ಎಂದು ಕಂಡದ್ದನ್ನಷ್ಟೇ ಹೇಳಿ.

ನಾಲ್ಕನೇ ಪಿರಿಯಡ್ ಆಗಿ ಒಂದು ತಿಂಗಳಿಗೆ ಸ್ಟಾಫ್ ರೂಮಿನ ಡೈರಿ ತೆಗೆದು ಮತ್ತೊಂದು ವಾರ ಗೀಟು ಹಾಕಿ. ಮೊದಲ ವಾರದ ಗೀಟುಗಳಿಗಿಂತ ಕಡಿಮೆಯಾಗದಿದ್ದರೆ ಮಕ್ಕಳ ನಾಟಕವನ್ನು ಸ್ಟಾಫ್ ಮೀಟಿಂಗಿನಲ್ಲಿ ಒಮ್ಮೆ ಆಡಿಸಿ. ದೊಡ್ಡಮ್ಮನ ಪಾತ್ರ ಮಿಸ್ಸುಗಳಲ್ಲೇ ಯಾರಾದರೂ ಮಾಡಲಿ.